ಬೇರಿಂಗಿನ ಬೆನ್ನ ಮೇಲಿನ ಮೂರು ಅಂಕೆ

ಟ್ರ್ಯಾಕ್ಟರಿನ ಇಂಜಿನ್ ಬಿಸಿಯಾಗುತ್ತಿದ್ದ ಹಾಗೆ ಆಯಿಲ್ ಪ್ರೆಷರ್ ಮುಳ್ಳು ಮೆಲ್ಲಗೆ ಕೆಳಗೆ ಜಾರುತ್ತಿತ್ತು. ತಣ್ಣಗಿದ್ದಾಗ ಏನೂ ತೊಂದರೆಯಿಲ್ಲ. ಅರ್ಧ ಗಂಟೆ ಓಡಿಸಿದರೆ ಸಾಕು, ಮುಳ್ಳು ಮಲಗುತ್ತಿತ್ತು, ಜೊತೆಗೆ ಒಳಗಿಂದ ಟಕ್ ಟಕ್ ಅಂತ ಸದ್ದು. ಮೊದಲು ಗೇಜ್ ಮೇಲೇ ಅನುಮಾನಪಟ್ಟು ಬೇರೆ ಗೇಜ್ ಹಾಕಿ ನೋಡಿದೆ. ಅದೂ ಅದನ್ನೇ ಹೇಳಿತು. ಸರಿ, ಬಿಚ್ಚದೆ ಬೇರೆ ದಾರಿಯಿಲ್ಲ.

ಟ್ರ್ಯಾಕ್ಟರ್ ಮ್ಯಾಸಿ ಫರ್ಗುಸನ್ 35. ಮೂರು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್ ಇಂಜಿನ್, ಎರಡೂವರೆ ಲೀಟರ್. ಈ ಹಳೇ ಗಾಡಿಗಳಿಗೆ ಸಾಮಾನು ಹುಡುಕುವವರಿಗೆ ಮೊದಲು ಎದುರಾಗುವ ಪ್ರಶ್ನೆ, ‘ಮೂರು ಸಿಲಿಂಡರಾ, ನಾಲ್ಕಾ?’ ಅಂತ. ಯಾಕೆಂದರೆ ಬಾನೆಟ್ ಮೇಲೆ ಅದೇ 35 ಅಂತ ಇದ್ದರೂ ಮೊದಮೊದಲ ಡೀಸೆಲ್ ಗಾಡಿಗಳಲ್ಲಿ ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರ್ ಇಂಜಿನ್ ಇತ್ತು, 1959ರ ಕೊನೆಯಿಂದ ಪರ್ಕಿನ್ಸ್ ಬಂತು. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದೆ ಅನ್ನೋ ಧೈರ್ಯದಲ್ಲೇ ಎಡವಿದ್ದು.

ಗಾಡಿಯ ಪ್ಲೇಟ್ ನೋಡಿ, ಇಂಜಿನ್ ನಂಬರ್ ಬರೆದುಕೊಂಡು, ಬಿಗ್ ಎಂಡ್ ಬೇರಿಂಗ್ ಸೆಟ್, ಅಂದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡು ಕ್ರ್ಯಾಂಕ್ ಶಾಫ್ಟನ್ನು ಹಿಡಿಯುವ ಜಾಗದ ಬೇರಿಂಗುಗಳನ್ನು ತರಿಸಿಬಿಟ್ಟೆ. ಸ್ಟ್ಯಾಂಡರ್ಡ್ ಸೈಜ್, ಅಂದರೆ ಕ್ರ್ಯಾಂಕ್ ಕಾರ್ಖಾನೆಯ ಅಳತೆಯಲ್ಲೇ ಇದ್ದರೆ ಹೊಂದುವಂಥದ್ದು. ಇಂಜಿನ್ ಬಿಚ್ಚುವ ಮೊದಲೇ! ಸಾಮಾನು ಬಂದ ಮೇಲೆ ಒಂದೇ ದಿನದಲ್ಲಿ ಕೆಲಸ ಮುಗಿಸಬಹುದು ಅನ್ನೋ ಆಸೆ.

ಬಿಚ್ಚುವುದೇ ಒಂದು ದೊಡ್ಡ ಕೆಲಸ. ಈ ಟ್ರ್ಯಾಕ್ಟರಿಗೆ ಚಾಸಿ ಅಂತ ಬೇರೆ ಇಲ್ಲ, ಇಂಜಿನ್ನೇ ಬೆನ್ನುಮೂಳೆ. ಮುಂದೆ ಆಕ್ಸಲ್, ಹಿಂದೆ ಗೇರ್ ಬಾಕ್ಸ್, ನಡುವೆ ಇಂಜಿನ್. ಹಾಗಾಗಿ ಮೊದಲು ಕೆಳಗೆ ಗಟ್ಟಿಯಾಗಿ ಆಧಾರ ಕೊಟ್ಟು, ಚಕ್ರಗಳಿಗೆ ಕಟ್ಟೆ ಇಟ್ಟು, ಆಮೇಲೆ ಸಂಪ್ (ಇಂಜಿನ್ ಅಡಿಯ ಎಣ್ಣೆ ತೊಟ್ಟಿ) ಇಳಿಸಬೇಕು. ಸಂಪ್ ಎರಕದ್ದು, ಒಬ್ಬರು ಕೈಯಲ್ಲಿ ಹಿಡಿದು ಇಳಿಸುವ ತೂಕ ಅಲ್ಲ, ಅದಕ್ಕೇ ಚಿಕ್ಕಪ್ಪನನ್ನು ಕರೆದಿದ್ದೆ. ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು. 9/16 ಇಂಚಿನ ತಲೆಗೆ 14ರ ಸ್ಪ್ಯಾನರ್ ಹಿಡಿಯುವುದಿಲ್ಲ, 15 ಲೂಸ್. ಹಿಂದೆ ಯಾರೋ 15ರಲ್ಲೇ ತಿರುಗಿಸಿ ತಿರುಗಿಸಿ ನಾಲ್ಕು ತಲೆ ಗುಂಡಗೆ ಮಾಡಿಟ್ಟಿದ್ದರು. ಇನ್ನೊಂದು ತೂತಿಗೆ 3/8 ಇಂಚಿನ ಬೋಲ್ಟ್ ಬದಲು ಮಿಲಿಮೀಟರ್ ಲೆಕ್ಕದ ಎಂ10 ಬೋಲ್ಟ್ ಜಡಿದಿದ್ದರು. ಎರಡರ ಥ್ರೆಡ್ಡೇ ಬೇರೆ, ಬಲ ಹಾಕಿದರೆ ಒಳಗೆ ಹೋಗುತ್ತೆ ನಿಜ, ಆದರೆ ಆ ತೂತಿನ ಕಥೆ ಅಲ್ಲಿಗೆ ಮುಗಿಯಿತು. ಅದನ್ನು ಬಿಡಿಸುವುದರಲ್ಲೇ ಅರ್ಧ ಮಧ್ಯಾಹ್ನ ಹೋಯಿತು.

ಕನೆಕ್ಟಿಂಗ್ ರಾಡಿನ ಕ್ಯಾಪ್ ಬಿಚ್ಚಿದಾಗ ಸದ್ದಿನ ಕಾರಣ ಕಣ್ಣಿಗೇ ಕಾಣಿಸಿತು. ಬೇರಿಂಗಿನ ಮೇಲಿರಬೇಕಾದ ಬೂದು ಬಣ್ಣದ ಪದರ ಸವೆದು ಕೆಳಗಿನ ತಾಮ್ರ ಮಿಂಚುತ್ತಿತ್ತು. ಹಳೆಯದನ್ನು ಒಂದು ಡಬ್ಬಕ್ಕೆ ಎಸೆದು, ಎಲ್ಲ ಒರೆಸಿ, ಹೊಸದನ್ನು ಕೂರಿಸಿ, ಎಣ್ಣೆ ಸವರಿ, ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡಿದೆ. ಕ್ರ್ಯಾಂಕ್ ತಿರುಗಿಸಿ ನೋಡಿದರೆ ಎಷ್ಟು ಹಗುರವಾಗಿ ತಿರುಗುತ್ತಿದೆ! ನನಗೋ ಖುಷಿ.

ಚಿಕ್ಕಪ್ಪ ಮಾತಾಡಲಿಲ್ಲ. ಡಬ್ಬದಿಂದ ಒಂದು ಹಳೇ ಬೇರಿಂಗ್ ತೆಗೆದು, ಬೆರಳಲ್ಲಿ ಒರೆಸಿ, ಬೆನ್ನು ತಿರುಗಿಸಿ ನನ್ನ ಮುಖದ ಹತ್ತಿರ ಹಿಡಿದರು. ‘ಇದನ್ನ ಓದಿದ್ಯೇನೋ?’

010 ಅಂತ ಅಚ್ಚಾಗಿತ್ತು.

ಅಂದರೆ ಯಾವ ಕಾಲದಲ್ಲೋ ಯಾರೋ ಕ್ರ್ಯಾಂಕನ್ನು ಹತ್ತು ಥೌ ಗ್ರೈಂಡ್ ಮಾಡಿಸಿ ಸಣ್ಣಗೆ ಮಾಡಿದ್ದಾರೆ, ಅದಕ್ಕೆ ತಕ್ಕ ಹಾಗೆ ದಪ್ಪ ಬೇರಿಂಗ್ ಹಾಕಿದ್ದಾರೆ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಹತ್ತು ಥೌ ಅಂದರೆ ಸುಮಾರು ಕಾಲು ಮಿಲಿಮೀಟರ್. ಕೇಳೋಕೆ ಏನೂ ಅಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಇಂಥ ಬೇರಿಂಗಿನಲ್ಲಿ ಎಣ್ಣೆ ನಿಲ್ಲುವ ಸಂದೇ ಎರಡು ಮೂರು ಥೌ. ನಾನು ಹಾಕಿದ ಸ್ಟ್ಯಾಂಡರ್ಡ್ ಬೇರಿಂಗಿನಲ್ಲಿ ಅದರ ಮೇಲೆ ಇನ್ನೂ ಹತ್ತು ಸೇರಿತ್ತು. ಹಗುರವಾಗಿ ತಿರುಗದೆ ಏನು ಮಾಡುತ್ತೆ. ಹಾಗೇ ಸ್ಟಾರ್ಟ್ ಮಾಡಿದ್ದರೆ ಎಣ್ಣೆಯೆಲ್ಲ ಆ ಸಂದಿನಲ್ಲೇ ಸೋರಿ, ಪ್ರೆಷರ್ ಮೊದಲಿಗಿಂತ ಕೆಳಗೆ ಬಿದ್ದು, ಸ್ವಲ್ಪ ಹೊತ್ತಿನಲ್ಲೇ ಕ್ರ್ಯಾಂಕ್ ಹಾಳಾಗುತ್ತಿತ್ತು.

‘ಕ್ಯಾಪ್ ಸ್ವಲ್ಪ ಉಜ್ಜಿದ್ರೆ ಟೈಟ್ ಆಗಲ್ವಾ?’ ಅಂತ ಬಾಯಿತಪ್ಪಿ ಕೇಳಿದೆ. ಚಿಕ್ಕಪ್ಪ ನೋಡಿದ ನೋಟ ಇನ್ನೂ ನೆನಪಿದೆ. ಕ್ಯಾಪ್ ಉಜ್ಜುವುದು, ಬೇರಿಂಗ್ ಹಿಂದೆ ತಗಡು ತುರುಕುವುದು, ಇವೆಲ್ಲ ಹಳೇ ಕಾಲದಿಂದ ನಡೆದು ಬಂದ ಕಳ್ಳ ದಾರಿಗಳು. ಉಜ್ಜಿದರೆ ರಂಧ್ರ ದುಂಡಗೆ ಉಳಿಯುವುದಿಲ್ಲ, ರಾಡೇ ಕೆಟ್ಟ ಹಾಗೆ. ಅದು ಗೊತ್ತಿದ್ದವರು ಉಜ್ಜುವ ಅರವನ್ನು ಮುಟ್ಟುವುದಿಲ್ಲ.

ಮತ್ತೆ ಎಲ್ಲ ಬಿಚ್ಚಿದೆವು. ಈ ಸಲ ಮೈಕ್ರೋಮೀಟರ್ ಹಿಡಿದು, ಬೇರಿಂಗ್ ಕೂರುವ ಕ್ರ್ಯಾಂಕಿನ ಮೂರೂ ಪಿನ್ ಅಳೆದೆವು, ಪ್ರತಿಯೊಂದನ್ನೂ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ, ಎರಡು ತುದಿಯಲ್ಲಿ. ಸವೆತ ಒಂದೇ ಕಡೆ ಆಗಿದ್ದರೆ ಪಿನ್ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಆಗ ಮತ್ತೆ ಗ್ರೈಂಡಿಂಗ್, ಬೇರಿಂಗೂ 020. ಪುಣ್ಯಕ್ಕೆ ಎಲ್ಲೂ ಒಂದು ಥೌ ಕೂಡ ವ್ಯತ್ಯಾಸ ಇರಲಿಲ್ಲ. ಬೆಳಿಗ್ಗೆ ಹತ್ತು ನಿಮಿಷ ಇದನ್ನು ಮಾಡಿದ್ದರೆ ಸಾಕಿತ್ತು. 010 ಸೆಟ್ ಬರೆದು ಕಳಿಸಿದೆ, ಎರಡು ವಾರ ಗಾಡಿ ಕಟ್ಟೆ ಮೇಲೇ ಕೂತಿತ್ತು.

ಸೆಟ್ ಬಂದ ಮೇಲೆ ಪ್ಲಾಸ್ಟಿಗೇಜ್ ಇಟ್ಟು ಸಂದು ನೋಡಿದೆ. ತೆಳ್ಳಗಿನ ಪ್ಲಾಸ್ಟಿಕ್ ದಾರ ಅದು, ಬಿಗಿ ಮಾಡಿದಾಗ ಎಷ್ಟು ಚಪ್ಪಟೆಯಾಗುತ್ತದೋ ಅದರ ಮೇಲೆ ಲೆಕ್ಕ. ಎರಡೂವರೆ ಥೌ ತೋರಿಸಿತು. ಕ್ಯಾಪುಗಳ ನಂಬರ್ ರಾಡಿನ ನಂಬರಿಗೆ ಹೊಂದಿಸಿ ಹಾಕಿದೆವು. ಮೊದಲು ಇಂಜಿನ್ ನಿಲ್ಲಿಸುವ ಸ್ಟಾಪ್ ಎಳೆದು ಹಿಡಿದು, ಡೀಸೆಲ್ ಹೋಗದ ಹಾಗೆ, ಮಧ್ಯೆ ಮಧ್ಯೆ ಸ್ಟಾರ್ಟರಿಗೆ ಬಿಡುವು ಕೊಡುತ್ತಾ, ಮುಳ್ಳು ಅಲ್ಲಾಡುವ ತನಕ ಸುಮ್ನೆ ತಿರುಗಿಸಿದೆವು. ಆಮೇಲೆ ಸ್ಟಾರ್ಟ್. ಮುಕ್ಕಾಲು ಗಂಟೆ ಓಡಿದರೂ ಮುಳ್ಳು ಜಾಗ ಬಿಡಲಿಲ್ಲ, ಟಕ್ ಟಕ್ ಇಲ್ಲ. ಸಂಪಿನ ಒಂದು ಮೂಲೆಯಲ್ಲಿ ಮಾತ್ರ ಎಣ್ಣೆ ಜಿನುಗುತ್ತಿದೆ, ಆ ಎಂ10 ತೂತಿನ ಪಕ್ಕದಲ್ಲೇ. ಅದಕ್ಕೆ ಹೆಲಿಕಾಯಿಲ್ (ಕೆಟ್ಟ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿ ಸುರುಳಿ) ಹಾಕಬೇಕು.

ತಪ್ಪಾಗಿ ತರಿಸಿದ ಸ್ಟ್ಯಾಂಡರ್ಡ್ ಸೆಟ್ ಇನ್ನೂ ಶೆಲ್ಫ್ ಮೇಲಿದೆ. ಚಿಕ್ಕಪ್ಪ ಬಂದಾಗೆಲ್ಲ ಒಂದನ್ನು ಎತ್ತಿಕೊಂಡು, ಬೆನ್ನು ತಿರುಗಿಸಿ ಗಂಭೀರವಾಗಿ ಓದಿ, ಮತ್ತೆ ಅಲ್ಲೇ ಇಡುತ್ತಾರೆ.