ಕೈ ಎತ್ತಿದಾಗ ಕಂಡ ಸುಕ್ಕು

2022ರ ಗೌರಿ ಹಬ್ಬಕ್ಕೆ ಇನ್ನು ಒಂಬತ್ತು ದಿನ ಇತ್ತು. ಹಬ್ಬದ ಹಿಂದಿನ ಎರಡು ವಾರ ಬ್ಲೌಸ್ ಹೊಲಿಯುವವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಬೆಂಗಳೂರಿನ ಶ್ರೀನಗರದ ನನ್ನ ಅಂಗಡಿಯಲ್ಲಿ ಕತ್ತರಿಸಿಟ್ಟ ಬಟ್ಟೆಯ ಗಂಟುಗಳು ಬಾಗಿಲವರೆಗೂ ಬಂದಿದ್ದವು. ಅಂಥ ಹೊತ್ತಿನಲ್ಲಿ ಮೇಡಂ ವಾಪಸ್ ಬಂದರು, ಕೈಯಲ್ಲಿ ಹಿಂದಿನ ದಿನವಷ್ಟೇ ಕೊಟ್ಟಿದ್ದ ಕಡುಹಸಿರು ಬ್ಲೌಸು.

"ಎಡಗಡೆ ಟಕ್ಸ್ ಕೂರ್ತಾನೇ ಇಲ್ಲಮ್ಮ. ಯಾವತ್ತೂ ಹೀಗೆ ಮಾಡಿರ್ಲಿಲ್ಲ ನೀನು."

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು. ಆಗ ಅವರಿಗೆ 52 ವರ್ಷ. ಹದಿನಾಲ್ಕು ವರ್ಷದಿಂದ ನನ್ನ ಹತ್ತಿರವೇ ಹೊಲಿಸುತ್ತಿದ್ದರು. ಅವರ ಅಳತೆ ನನಗೆ ಪುಸ್ತಕ ನೋಡದೆ ಗೊತ್ತು. ಆದರೂ ತಪ್ಪು ನನ್ನದೇ ಇರಬೇಕೆಂದು ಪರದೆ ಎಳೆದು ಟ್ರಯಲ್ ನೋಡಿದೆ. ಹುಕ್ಕು ಹಾಕುವ ಮುಂಚೆ ಕಂಕುಳ ಹೊಲಿಗೆ ನೋಡೋಣವೆಂದು "ಸ್ವಲ್ಪ ಕೈ ಎತ್ತಿ ಮೇಡಂ" ಅಂದೆ. ಎತ್ತಿದರು. ಎಡ ಮೊಲೆಯ ಮೇಲ್ಭಾಗದಲ್ಲಿ, ಕಂಕುಳಿಗೆ ಹತ್ತಿರ, ಒಂದು ಸಣ್ಣ ಸುಕ್ಕು ಕಂಡಿತು. ಬಟ್ಟೆಯ ಒಳಗಿಂದ ಒಂದೇ ಒಂದು ದಾರ ಸೆಳೆದರೆ ಮೇಲೆ ಹೇಗೆ ಗುಳಿ ಬೀಳುತ್ತದೋ ಹಾಗೆ. ಕೈ ಇಳಿಸಿದರು, ಮಾಯವಾಯಿತು.

"ಇಲ್ಲೇನಾದ್ರೂ ಪೆಟ್ಟು ಬಿದ್ದಿತ್ತಾ ಮೇಡಂ?"

"ಇಲ್ವಲ್ಲ. ನೋವೇನಿಲ್ಲಮ್ಮ."

ನೋವಿಲ್ಲ ಅಂದಮೇಲೆ ಇಬ್ಬರಿಗೂ ಸಮಾಧಾನವಾಯಿತು. ನಾನು ಟಕ್ಸ್ ಬಿಚ್ಚಿ ಕಾಲು ಇಂಚು ಸರಿಸಿ ಹೊಲಿದುಕೊಟ್ಟೆ. ಬ್ಲೌಸು ಚೆನ್ನಾಗಿ ಕೂತಿತು.

ಮುಂದಿನ ಫೆಬ್ರವರಿಯಲ್ಲಿ ಅವರ ಮಗಳು ಅಂಗಡಿಗೆ ಬಂದು, ಅಮ್ಮನಿಗೆ ಮುಂದೆ ಗುಂಡಿ ಇರುವ, ಸಡಿಲವಾದ ನಾಲ್ಕು ಕಾಟನ್ ನೈಟಿ ಬೇಕು ಎಂದಳು. ಯಾಕೆ ಅಂದೆ. ಸ್ತನ ಕ್ಯಾನ್ಸರ್, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋ ಶುರುವಾಗಿದೆ ಅಂದಳು. ಗೆಡ್ಡೆ ದೊಡ್ಡದಾಗಿದ್ದರಿಂದ ಮೊದಲು ಕೀಮೋ ಕೊಟ್ಟು ಕುಗ್ಗಿಸಿ, ಆಮೇಲೆ ಆಪರೇಷನ್ ಮಾಡುತ್ತಾರಂತೆ. ಕಂಕುಳಿನ ಗ್ರಂಥಿಗಳಿಗೂ ಬಂದಿತ್ತು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆರು ತಿಂಗಳ ಹಿಂದೆ ನಾನೇ ಕಣ್ಣಾರೆ ನೋಡಿದ್ದೆ. ನೋಡಿ, ಹೊಲಿಗೆ ಸರಿಮಾಡಿ ಕಳಿಸಿದ್ದೆ. ಇದನ್ನು ಬರೆಯುತ್ತಿರುವುದು ಅದಕ್ಕೇ. ಆಮೇಲಿನ ಮೂರು ವರ್ಷದಲ್ಲಿ ಮೇಡಂ ಜೊತೆ ಆಸ್ಪತ್ರೆಗೆ ಓಡಾಡಿ, ನನ್ನ ಮೈಯಲ್ಲೂ ಒಂದು ಗಂಟು ಸಿಕ್ಕಿ, ಕೇಳಿ ತಿಳಿದುಕೊಂಡಿದ್ದನ್ನು ನನ್ನ ಅಂಗಡಿಗೆ ಬರುವವರಿಗೆ ಹೇಳುವಂತೆಯೇ ಇಲ್ಲಿ ಹೇಳುತ್ತೇನೆ.

ಆ ಸುಕ್ಕು ಏನು ಅಂತ ಅಲ್ಲಿನ ಡಾಕ್ಟರಮ್ಮನನ್ನು ಕೇಳಿದ್ದೆ. ಸ್ತನದೊಳಗೆ ಚರ್ಮದಿಂದ ಆಳಕ್ಕೆ ಹೋಗುವ ದಾರದಂಥ ಕಟ್ಟುಗಳಿವೆಯಂತೆ. ಗೆಡ್ಡೆ ಅವುಗಳನ್ನು ಹಿಡಿದು ಎಳೆದಾಗ ಮೇಲೆ ಚರ್ಮ ಗುಳಿ ಬೀಳುತ್ತದೆ. ಕೈ ಎತ್ತಿದಾಗ, ಇಲ್ಲವೇ ಸೊಂಟದ ಮೇಲೆ ಕೈಯಿಟ್ಟು ಬಿಗಿಯಾಗಿ ಒತ್ತಿದಾಗ ಎದ್ದು ಕಾಣುತ್ತದೆ. ಸುಮ್ಮನೆ ನಿಂತರೆ ಕಾಣದೆಯೂ ಇರಬಹುದು. ನೋವು ಬೇಕೆಂದೇ ಇಲ್ಲ. ಶುರುವಿನಲ್ಲಿ ಬಹಳ ಜನಕ್ಕೆ ನೋವೇ ಇರುವುದಿಲ್ಲ. ನಾವು ಹೆಂಗಸರು ನೋವು ಬಂದರೆ ಮಾತ್ರ ಕಾಯಿಲೆ ಅಂದುಕೊಂಡು ಬೆಳೆದವರು. ನೋವು ಬಂದರೂ ಹಬ್ಬ ಕಳೀಲಿ, ಪರೀಕ್ಷೆ ಮುಗೀಲಿ, ಮದುವೆ ಆಗ್ಲಿ ಅನ್ನುವವರು. ನೋವೇ ಇಲ್ಲದ ಕಾಯಿಲೆಗೆ ರಜೆ ಹಾಕಿ ಯಾರು ಹೋಗುತ್ತಾರೆ?

ಮೇಡಂ ಒಮ್ಮೆ ಹೋಗಿದ್ದರು, ಪಾಪ. ದೀಪಾವಳಿ ಆದಮೇಲೆ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ "ಎಡ ಎದೇಲಿ ಏನೋ ಒಂಥರಾ ಇದೆ ಡಾಕ್ಟ್ರೇ" ಅಂದಿದ್ದಾರೆ. ಅವರು ಬಿಪಿ ನೋಡಿ, ಇಸಿಜಿ ತೆಗೆಸಿ, ಹೃದಯಕ್ಕೇನೂ ಆಗಿಲ್ಲ, ಗ್ಯಾಸ್ ಇರಬಹುದು ಎಂದು ಮಾತ್ರೆ ಕೊಟ್ಟಿದ್ದಾರೆ. ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು ಅನ್ನುವುದು ನನಗೆ ಇವತ್ತಿಗೂ ಇರುವ ಸಂಕಟ. ಆದರೆ ನಮ್ಮ ಮಾತಿನಲ್ಲೂ ಒಂದು ತೊಡಕಿದೆ. ಹೃದಯಕ್ಕೂ ಎದೆ, ಮೊಲೆಗೂ ಎದೆ, ಧೈರ್ಯಕ್ಕೂ ಎದೆ. ಮೊಲೆ ಅನ್ನುವ ಮಾತನ್ನು ಮಗುವಿಗೆ ಹಾಲು ಕೊಡುವಾಗ ಬಿಟ್ಟು ಬೇರೆ ಯಾವಾಗಲೂ ಬಾಯಿಬಿಟ್ಟು ಹೇಳುವುದಿಲ್ಲ. ಗಂಡಸು ಡಾಕ್ಟರ ಮುಂದಂತೂ ಇಲ್ಲವೇ ಇಲ್ಲ. ಅದಕ್ಕೆ ನಾನೀಗ ಎಲ್ಲರಿಗೂ ಹೇಳಿಕೊಡುವ ವಾಕ್ಯ ಇದು: "ನನ್ನ ಎಡ ಮೊಲೆಯಲ್ಲಿ ಗಂಟು ಇದೆ, ಇಷ್ಟು ದಿನ ಆಯ್ತು, ಕೈಯಿಟ್ಟು ನೋಡಿ." ಸ್ತನ ಅನ್ನಿ, ಬ್ರೆಸ್ಟ್ ಅನ್ನಿ, ಬಾಯಿಗೆ ಯಾವುದು ಬರುತ್ತೋ ಅದು. ಎದೆ ಅನ್ನಬೇಡಿ. ಕೈಯಿಟ್ಟು ಪರೀಕ್ಷೆ ಮಾಡದೆ ಏನೂ ಇಲ್ಲ ಅಂದರೆ ಅಲ್ಲಿಂದ ಎದ್ದು ಇನ್ನೊಬ್ಬರ ಹತ್ತಿರ ಹೋಗಿ.

ಈಗ ನನ್ನ ಕಸುಬಿನ ಮಾತು. ಯಾವ ಹೆಂಗಸಿಗೂ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ಕಾಲು ಇಂಚು, ಅರ್ಧ ಇಂಚು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಕೆಲವರಿಗೆ ತೊಟ್ಟು ಹುಟ್ಟಿನಿಂದಲೇ ಒಳಗಿರುತ್ತದೆ. ಪಕ್ಕದ ಮನೆಯವರ ಹಾಗೆ ಇಲ್ಲ ಅಂತ ಹೆದರುವ ಕಾರಣವೇ ಇಲ್ಲ. ನೋಡಬೇಕಾದದ್ದು ನಿಮ್ಮದೇ ಹಳೆ ಅಳತೆಯನ್ನು. ಹೋದ ವರ್ಷದವರೆಗೆ ಸರಿಯಿದ್ದ ತೊಟ್ಟು ಈಗ ಒಳಕ್ಕೆ ಸರಿದಿದೆಯೇ, ಓರೆಯಾಗಿದೆಯೇ? ಮೈ ತೂಕ ಹಾಗೇ ಇದ್ದು ಒಂದು ಕಡೆ ಮಾತ್ರ ಬ್ಲೌಸು ಬಿಗಿಯಾಗುತ್ತಿದೆಯೇ? ಹೊಸದಾಗಿ, ಒಂದೇ ಕಡೆ ಆದ ಬದಲಾವಣೆಗೆ ಡಾಕ್ಟರು ಬೇಕು, ಟೈಲರ್ ಅಲ್ಲ.

ಅಳತೆಗೆಂದು ಕೊಡುವ ಹಳೆ ಬ್ಲೌಸುಗಳಲ್ಲೂ ಒಂದೊಂದು ಸಲ ಕಾಣಿಸುತ್ತದೆ. ಒಬ್ಬರ ಬ್ಲೌಸಿನ ಬಲಗಡೆ ಲೈನಿಂಗಿನಲ್ಲಿ ಕಂದು ಬಣ್ಣದ, ಎರಡು ಕಾಸಿನಷ್ಟು ಅಗಲದ ಕಲೆ ಇತ್ತು. ಕಾಫಿ ಕಲೆ ಹೊರಗಿಂದ ಒಳಕ್ಕೆ ಇಳಿಯುತ್ತದೆ, ಇದು ಒಳಗಿಂದ ಹೊರಕ್ಕೆ ಬಂದಿತ್ತು. ಈ ಸಲ ನಾನು ಸುಮ್ಮನಿರಲಿಲ್ಲ, ಬಾಗಿಲು ಮುಂದೆ ಮಾಡಿ ಕೇಳಿದೆ. ಹಿಂಡದೆಯೇ, ತಾನಾಗಿ, ಒಂದೇ ತೊಟ್ಟಿನಿಂದ ರಕ್ತದ ಬಣ್ಣದ್ದು ಬರುತ್ತಿದ್ದರೆ ತೋರಿಸಲೇಬೇಕು. ಅವರಿಗೆ ಹಾಲಿನ ನಾಳದಲ್ಲಿ ಒಂದು ಸಣ್ಣ ಬೆಳವಣಿಗೆ ಇತ್ತು, ಕ್ಯಾನ್ಸರ್ ಅಲ್ಲ. ತೆಗೆಸಿಕೊಂಡು ಆರಾಮಾಗಿದ್ದಾರೆ.

ನನ್ನದು ಸಿಕ್ಕಿದ್ದು 2024ರ ಸಂಕ್ರಾಂತಿ ಆದಮೇಲೆ, ಸ್ನಾನ ಮಾಡುವಾಗ. ಹೇಗೆ ನೋಡಿಕೊಳ್ಳಬೇಕೆಂದು ಮೇಡಂ ಕೀಮೋ ದಿನಗಳಲ್ಲಿ ನರ್ಸಮ್ಮ ಹೇಳಿಕೊಟ್ಟಿದ್ದರು. ಅದು ನನಗೆ ಹೊಸದಲ್ಲ ಅನ್ನಿಸಿತ್ತು. ಲೈನಿಂಗಿನೊಳಗೆ ಗುಂಡುಸೂಜಿ ಉಳಿದಿದೆಯೋ ಎಂದು ಹುಡುಕುವಾಗ ನಾವು ಬೆರಳ ತುದಿಯಿಂದ ಚಿವುಟಿ ನೋಡುವುದಿಲ್ಲ. ನಡುವಿನ ಮೂರು ಬೆರಳು ಜೋಡಿಸಿ, ಉಗುರಿನ ಹಿಂದಿನ ಮೆತ್ತನೆ ಭಾಗದಿಂದ ಸಣ್ಣ ಸುತ್ತು ಹಾಕುತ್ತಾ ಸವರುತ್ತೇವೆ. ಮೊದಲು ಹಗುರ, ಆಮೇಲೆ ಸ್ವಲ್ಪ ಒತ್ತಿ, ಆಮೇಲೆ ಆಳಕ್ಕೆ. ಇಲ್ಲೂ ಅಷ್ಟೆ. ಕೊರಳೆಲುಬಿನಿಂದ ಮೊಲೆಯ ಕೆಳಗಿನ ಮಡಿಕೆಯವರೆಗೆ, ನಡು ಎದೆಯಿಂದ ಕಂಕುಳಿನವರೆಗೆ. ಚಿವುಟಿದರೆ ಎಲ್ಲವೂ ಗಂಟೇ ಅನ್ನಿಸುತ್ತದೆ. ಮುಟ್ಟು ನಿಂತು ಎರಡು ಮೂರು ದಿನ ಆದಮೇಲೆ ನೋಡಿಕೊಂಡರೆ ಒಳ್ಳೆಯದು. ಮುಟ್ಟಿನ ಮುಂಚೆ ಎರಡೂ ಕಡೆ ಬಿಗಿದು, ಭಾರವಾಗಿ, ನೋಯುವುದು ಬಹಳ ಜನಕ್ಕೆ ಮಾಮೂಲು.

ಬಲಗಡೆ, ಹುಣಿಸೆ ಬೀಜದಷ್ಟು, ಗಟ್ಟಿ. ಬೆರಳಿಟ್ಟರೆ ಜಾರುತ್ತಿತ್ತು. ಆಗ ನನಗೆ 46. ಮುಂದಿನ ಮುಟ್ಟು ಕಳೆಯುವವರೆಗೆ ನೋಡು, ಹೋಗದಿದ್ದರೆ ತಡಮಾಡಬೇಡ ಎಂದು ಕೇಳಿದ್ದು ನೆನಪಿತ್ತು. ಮೂರು ವಾರ ಕಾದೆ. ಹೋಗಲಿಲ್ಲ. ಕಾಯುವ ಈ ಮಾತು ಮುಟ್ಟು ಆಗುತ್ತಿರುವವರಿಗೆ, ಚರ್ಮದಲ್ಲಿ ಬೇರೇನೂ ಬದಲಾವಣೆ ಇಲ್ಲದಿದ್ದರೆ ಮಾತ್ರ. ಮುಟ್ಟು ನಿಂತವರಿಗೆ ಗಂಟು ಸಿಕ್ಕಿದರೆ ಅದೇ ವಾರ ಹೋಗಬೇಕು. ಗಂಟು ಕಲ್ಲಿನಂತಿದ್ದು ಅಲುಗಾಡದಿದ್ದರೆ, ಕಂಕುಳಲ್ಲೂ ಸಿಕ್ಕಿದರೆ, ಚರ್ಮ ಒಳಕ್ಕೆ ಸೆಳೆದಿದ್ದರೆ, ಕಿತ್ತಳೆ ಸಿಪ್ಪೆಯ ಹಾಗೆ ದಪ್ಪಗಾಗಿ ಚುಕ್ಕೆ ಚುಕ್ಕೆ ಗುಳಿ ಬಿದ್ದಿದ್ದರೆ ಯಾವ ವಯಸ್ಸಾದರೂ ಕಾಯುವ ಮಾತೇ ಇಲ್ಲ.

ಜಯನಗರದಲ್ಲಿ ಒಬ್ಬರು ಸರ್ಜನ್ ಡಾಕ್ಟರಮ್ಮ ನೋಡಿದರು. ಮೂರು ಹಂತ ಅಂದರು. ಕೈಯಿಂದ ನೋಡುವುದು, ಫೋಟೋ ತೆಗೆಯುವುದು, ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವುದು. ವಯಸ್ಸು ಚಿಕ್ಕದಾದರೆ ಸ್ತನ ದಟ್ಟವಾಗಿರುವುದರಿಂದ ಮೊದಲು ಅಲ್ಟ್ರಾಸೌಂಡ್ ಮಾಡುತ್ತಾರೆ, ನಲವತ್ತು ದಾಟಿದವರಿಗೆ ಮ್ಯಾಮೊಗ್ರಾಮ್ ಕೂಡ. ಮ್ಯಾಮೊಗ್ರಾಮ್ ಕೋಣೆಯಲ್ಲಿದ್ದ ಹುಡುಗಿ ನನ್ನನ್ನು ಕೇಳಿದ ಮೊದಲನೇ ಮಾತು, "ಕಂಕುಳಿಗೆ ಪೌಡರ್ ಹಾಕಿದೀರಾ ಆಂಟಿ?" ಹಾಕಿದ್ದೆ. ಒದ್ದೆ ಟಿಶ್ಯೂ ಕೊಟ್ಟು ಒರೆಸಿಕೊಳ್ಳಲು ಹೇಳಿದಳು, ಪೌಡರಿನ ಕಣ ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆಯಾಗಿ ಬಂದು ಡಾಕ್ಟರನ್ನು ದಾರಿ ತಪ್ಪಿಸುತ್ತಂತೆ. ಎರಡು ಹಲಗೆಯ ನಡುವೆ ಇಟ್ಟು ಚಪ್ಪಟೆ ಮಾಡುತ್ತಾರೆ. ನೋಯುತ್ತದೆ, ಇಲ್ಲವೆನ್ನುವುದಿಲ್ಲ. ಉಸಿರು ಹಿಡಿದು ಹತ್ತು ಎಣಿಸುವಷ್ಟರಲ್ಲಿ ಬಿಡುತ್ತಾರೆ.

ಸೂಜಿ ಪರೀಕ್ಷೆ ಅಂದಾಗ ಮನೆಯಲ್ಲಿ ಗಲಾಟೆ. "ಚುಚ್ಚಿಸಿದ್ರೆ ಹರಡುತ್ತೆ, ಮುಟ್ಟಿಸ್ಬೇಡ" ಅಂತ ಅತ್ತೆ ಹಟ ಹಿಡಿದರು. ಅವರದು ನನ್ನ ಮೇಲಿನ ಪ್ರೀತಿಯೇ. ಡಾಕ್ಟರಮ್ಮ ಅತ್ತೆಯನ್ನೇ ಕರೆಸಿ ಕೂರಿಸಿ, "ಅಮ್ಮ, ಚುಚ್ಚೋದರಿಂದ ಹರಡಲ್ಲ. ಯಾವ ಥರದ್ದು ಅಂತ ಗೊತ್ತಾಗದೆ ಔಷಧಿ ಹೇಗೆ ಕೊಡ್ಲಿ?" ಎಂದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಆಮೇಲೆ ಸ್ಟೇಪ್ಲರ್ ಒತ್ತಿದಂತೆ ಟಕ್ ಅಂತ ಒಂದು ಸದ್ದು. ಮೂರು ಸಲ. ಗಾಜಿನ ಸೀಸೆಯಲ್ಲಿ ಬಿಳಿ ನೂಲಿನ ತುಂಡಿನಂತೆ ತೇಲುತ್ತಿತ್ತು. ಐದು ದಿನ ಕಾಯಬೇಕಾಯಿತು. ಆ ಐದು ದಿನ ಹೊಲಿದ ಒಂದು ಬ್ಲೌಸೂ ನೆನಪಿಲ್ಲ.

ಫೈಬ್ರೊಅಡಿನೋಮ. ಕ್ಯಾನ್ಸರ್ ಅಲ್ಲ. ಆರು ತಿಂಗಳಿಗೊಮ್ಮೆ ತೋರಿಸು ಅಂದರು, ತೋರಿಸುತ್ತಿದ್ದೇನೆ. ಸಿಗುವ ಗಂಟುಗಳಲ್ಲಿ ಹೆಚ್ಚಿನವು ಹೀಗೆ ಕ್ಯಾನ್ಸರ್ ಅಲ್ಲದವೇ. ಆದರೆ ಯಾವುದು ಯಾವುದು ಅಂತ ನಮ್ಮ ಬೆರಳಿಗೆ ಗೊತ್ತಾಗುವುದಿಲ್ಲ.

"ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಅನ್ನುವುದು ನಾನು ಅಂಗಡಿಯಲ್ಲಿ ಅತಿ ಹೆಚ್ಚು ಕೇಳುವ ಮಾತು. ಮೇಡಂ ವಂಶದಲ್ಲೂ ಇರಲಿಲ್ಲ. ನೂರರಲ್ಲಿ ಐದರಿಂದ ಹತ್ತು ಜನಕ್ಕೆ ಮಾತ್ರ ಅದು ತಾಯಿ ತಂದೆಯಿಂದ ಬರುವ ಜೀನಿನಿಂದ. ಉಳಿದವರಿಗೆ ಹೆಣ್ಣಾಗಿರುವುದು, ವಯಸ್ಸಾಗುವುದು, ಇವೇ ದೊಡ್ಡ ಕಾರಣಗಳು. ನಮ್ಮ ದೇಶದಲ್ಲಿ 2022ರ ಒಂದೇ ವರ್ಷಕ್ಕೆ ಅಂದಾಜು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಬಂದಿದೆ. ಕಿದ್ವಾಯಿಯವರು 1982ರಿಂದ ಬೆಂಗಳೂರಿನ ಕ್ಯಾನ್ಸರ್ ಲೆಕ್ಕ ಇಡುತ್ತಿದ್ದಾರೆ. ಮೊದಲೆಲ್ಲ ಹೆಂಗಸರಲ್ಲಿ ಗರ್ಭಕೊರಳಿನದೇ ಮುಂದಿತ್ತು, ಈಗ ಸ್ತನದ್ದು. ಗಂಡಸರಿಗೂ ಬರುತ್ತದೆ, ಈ ಕ್ಯಾನ್ಸರ್ ಬಂದ ನೂರು ಜನರಲ್ಲಿ ಒಬ್ಬರಷ್ಟು ಗಂಡಸರು. ತೊಟ್ಟಿನ ಹಿಂದೆ ಗಂಟು ಸಿಕ್ಕಿದರೆ ಅವರೂ ನಾಚದೆ ತೋರಿಸಬೇಕು.

ಹಾಲು ಕುಡಿಸುವ ತಾಯಂದಿರಿಗೆ ಬೇರೆಯಾಗಿ ಹೇಳಬೇಕು. ಹಾಲು ಕಟ್ಟಿಕೊಂಡು ಕೆಂಪಾಗಿ, ಬಿಸಿಯಾಗಿ, ಜ್ವರ ಬರುವುದು ಉಂಟು. ಔಷಧಿ ತೆಗೆದುಕೊಂಡರೆ ಇಳಿಯಬೇಕು. ಒಂದು ವಾರ, ಹತ್ತು ದಿನ ಔಷಧಿ ತಗೊಂಡರೂ ಇಳಿಯದಿದ್ದರೆ ಸ್ಕ್ಯಾನ್ ಕೇಳಿ ಮಾಡಿಸಿ. ಹಾಗೇ ಒಂದೇ ತೊಟ್ಟಿನ ಮೇಲೆ ಕಜ್ಜಿಯಂತೆ ಸಿಪ್ಪೆ ಎದ್ದು ಮುಲಾಮಿಗೆ ವಾಸಿಯಾಗದಿದ್ದರೆ, ಇನ್ನೊಂದು ಮುಲಾಮು ಬದಲಾಯಿಸುತ್ತಾ ತಿಂಗಳು ಕಳೆಯಬೇಡಿ.

ಎಲ್ಲಿಗೆ ಹೋಗೋದು ಅಂತ ಕೇಳುತ್ತಾರೆ. 30 ದಾಟಿದ ಹೆಂಗಸರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೈಯಿಂದ ಸ್ತನ ಪರೀಕ್ಷೆ ಮಾಡುವ ಕಾರ್ಯಕ್ರಮವೇ ಇದೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ದುಡ್ಡಿನ ಭಯಕ್ಕೆ ಮುಚ್ಚಿಟ್ಟುಕೊಳ್ಳುವವರನ್ನು ಕಂಡರೆ ಕರುಳು ಚುರುಕ್ ಅನ್ನುತ್ತದೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಕಾರ್ಡು, ಆಧಾರ್ ಎರಡನ್ನೂ ಮೊದಲನೇ ದಿನವೇ ಚೀಲದಲ್ಲಿ ಇಟ್ಟುಕೊಂಡು ಹೋಗಿ.

ಮೇಡಂ ಎಡ ಮೊಲೆಯನ್ನು ಪೂರ್ತಿ ತೆಗೆಯಬೇಕಾಯಿತು. ಆಮೇಲೆ ರೇಡಿಯೇಷನ್. ಈಗ ಮಾತ್ರೆ ನಡೆಯುತ್ತಿದೆ, ಮತ್ತೆ ಶಾಲೆಗೆ ಹೋಗುತ್ತಿದ್ದಾರೆ. ಹೊಸದಾಗಿ ಅಳತೆ ತೆಗೆದು ಪುಸ್ತಕದಲ್ಲಿ ಹೊಸ ಹಾಳೆಯಲ್ಲಿ ಬರೆದೆ. ಎಡ ತೋಳು ಆಪರೇಷನ್ನಿನ ನಂತರ ಸ್ವಲ್ಪ ಊದಿಕೊಳ್ಳುವುದರಿಂದ ಆ ಕಡೆ ತೋಳಿನ ಸುತ್ತಳತೆ ಒಂದು ಇಂಚು ಜಾಸ್ತಿ. ಒಳಗೆ ಮೆತ್ತನೆಯ ಮಲ್ ಬಟ್ಟೆಯ ಜೇಬು, ಕಂಕುಳ ಕಡೆ ಬಾಯಿ ಇಟ್ಟು, ಮೊಲೆಯ ಜಾಗಕ್ಕೆ ಇಡುವ ಪ್ಯಾಡ್ ಜಾರದಂತೆ ಕೆಳಗೆ ಎರಡು ಸಾಲು ಹೊಲಿಗೆ. ಹೊಲಿಗೆಯ ಗೀರು ಗಾಯದ ಗೆರೆಗೆ ತಾಗಬಾರದು, ಅದಕ್ಕೆ ಮಡಿಕೆ ಹೊರಗೆ ತಿರುಗಿಸಿದೆ. ಮೂರು ಸಲ ಬಿಚ್ಚಿ ಹೊಲಿದ ಮೇಲೆ ಸರಿಬಂತು.

ಮೊನ್ನೆ ಟ್ರಯಲ್‌ಗೆ ಬಂದಿದ್ದರು. ಕಂಕುಳ ಹೊಲಿಗೆ ನೋಡಬೇಕಿತ್ತು. "ಕೈ ಎತ್ತಿ ಮೇಡಂ" ಅನ್ನಲು ನನಗೆ ಬಾಯಿ ಬರಲಿಲ್ಲ. ಅವರೇ ಗೋಡೆಗೆ ಬೆರಳು ಹಚ್ಚಿ, ನರ್ಸಮ್ಮ ಹೇಳಿಕೊಟ್ಟ ವ್ಯಾಯಾಮದ ಹಾಗೆ, ಒಂದೊಂದೇ ಬೆರಳು ಮೇಲಕ್ಕೆ ಹತ್ತಿಸುತ್ತಾ ಕಿವಿಯವರೆಗೂ ಎತ್ತಿದರು.

"ನೋಡು, ಹೋದ ಸಲ ಭುಜದವರೆಗೂ ಬರ್ತಿರ್ಲಿಲ್ಲ" ಅಂದರು.