ಐಹೊಳೆಯ ದುರ್ಗದ ಗುಡಿಯಲ್ಲಿ ಎರಡು ಪ್ರದಕ್ಷಿಣೆ

ಬಾಗಲಕೋಟೆಗೆ ಬಂದ ನೆಂಟರನ್ನು ಐಹೊಳೆಗೆ ಕರೆದೊಯ್ದಾಗಲೆಲ್ಲ, ಅವರು ದುರ್ಗದ ಗುಡಿಯ ಹಿಂಬದಿಯಲ್ಲಿ ನಿಂತು ಫೋಟೊ ತೆಗೆದು ಮುಂದಿನ ಗುಡಿಗೆ ಹೊರಡುವುದನ್ನು ನೋಡಿದ್ದೇನೆ. ಆನೆಯ ಬೆನ್ನಿನಂತೆ ದುಂಡಗೆ ತಿರುಗಿದ ಆ ಗಜಪೃಷ್ಠದ ಅಂದ ಕಣ್ಸೆಳೆಯುವುದು ಸಹಜ. ಆದರೆ ಈ ಗುಡಿಯ ಜಾಣ್ಮೆ ತಿಳಿಯಬೇಕಾದರೆ ಅದರ ಸುತ್ತ ಕಾಲಾಡಿಸಲೇಬೇಕು.

ಹಿಂಬದಿ ದುಂಡಗಿರುವ ನಕ್ಷೆ ಈ ಗುಡಿ ಕಟ್ಟಿದ ಚಾಲುಕ್ಯರ ಕಾಲಕ್ಕೆ ಹಳೆಯದಾಗಿತ್ತು. ಮಹಾರಾಷ್ಟ್ರದ ಕಾರ್ಲೆಯಲ್ಲಿ ಸುಮಾರು 2000 ವರ್ಷಗಳ ಹಿಂದೆ ಕೊರೆದ ಬೌದ್ಧ ಚೈತ್ಯದಲ್ಲಿ, ಅಂದರೆ ಪೂಜಾಮಂದಿರದಲ್ಲಿ, ನಡುವಿನ ಸಭಾಂಗಣವನ್ನೂ ಸ್ತೂಪವನ್ನು ಬಳಸಿ ಬರುವ ದಾರಿಯನ್ನೂ ಕಂಬಗಳ ಸಾಲು ಬೇರ್ಪಡಿಸುತ್ತದೆ. ಬೆಟ್ಟದಲ್ಲಿ ಕೊರೆದ ಚೈತ್ಯಕ್ಕೆ ಮುಖ ಉಂಟು, ಸುತ್ತಿ ಬರಬಹುದಾದ ಹೊರಮೈ ಇಲ್ಲ. ಹಾಗಾಗಿ ಕಂಬವೂ ದಾರಿಯೂ ಒಳಗೇ ಇರಬೇಕಾಯಿತು. 7ನೆಯ ಶತಮಾನದ ಕೊನೆ ಅಥವಾ 8ನೆಯ ಶತಮಾನದ ಆರಂಭದ ಹೊತ್ತಿಗೆ ಐಹೊಳೆಯ ಶಿಲ್ಪಿಗಳು ಆ ಬಗೆಯ ನಕ್ಷೆಯನ್ನು ಬಯಲಿನಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದಾಗ, ಗರ್ಭಗುಡಿಯ ಸುತ್ತ ಜಾಲಂಧ್ರಗಳಿಂದಷ್ಟೇ (ರಂಧ್ರ ಕೊರೆದ ಕಲ್ಲಿನ ಕಿಟಕಿಗಳಿಂದಷ್ಟೇ) ಬೆಳಕು ಕಾಣುವ ಒಳದಾರಿಯನ್ನು ಇರಿಸಿ, ಗೋಡೆಯಾಚೆ ಕಂಬಸಾಲಿನ ತೆರೆದ ದಾರಿಯೊಂದನ್ನೂ ಕೊಟ್ಟರು. ನನಗೆ ಅತ್ಯಂತ ಮಹತ್ವದ್ದೆನಿಸುವುದು ಈ ಹೊರದಾರಿಯೇ.

ಗೋಡೆಯನ್ನು ಬಲಕ್ಕಿಟ್ಟುಕೊಂಡು ನಡೆದರೆ ಗೋಡೆಯ ಗೂಡುಗಳಾದ ಕೋಷ್ಠಗಳಲ್ಲಿ ನಂದಿಯೊಡನೆ ಶಿವ, ನರಸಿಂಹ, ಗರುಡನೊಡನೆ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ ಹೀಗೆ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ದಾರಿ ಕಿರಿದಾದ್ದರಿಂದ ದೂರ ಸರಿದು ಇಡೀ ಗೋಡೆಯನ್ನು ಒಮ್ಮೆಗೇ ನೋಡಲಾಗದು. ಗೋಡೆ ದುಂಡಗೆ ತಿರುಗುವಲ್ಲಂತೂ ಮುಂದೇನಿದೆ ಎಂಬುದು ಹೆಜ್ಜೆ ಇಟ್ಟಷ್ಟೇ ತೆರೆದುಕೊಳ್ಳುತ್ತದೆ. ಚಳಿಗಾಲದ ಹಗಲಿನಲ್ಲಿ ದಕ್ಷಿಣದ ಓಣಿಯೊಳಕ್ಕೆ ಬಿಸಿಲು ಓರೆಯಾಗಿ ಬಿದ್ದು ಕಂಬಗಳ ನೆರಳು ಗೋಡೆಗೆ ಹತ್ತುತ್ತದೆ, ಉತ್ತರದ ಬದಿ ತಂಪಾಗಿಯೇ ಇರುತ್ತದೆ. ಆಮೇಲೆ ಒಳದಾರಿಗೆ ಹೋದರೆ ನೋಡಲು ಶಿಲ್ಪಗಳ ಸಾಲಿಲ್ಲ. ಕಣ್ಣಿಗೆ ಕೆಲಸ ಕಡಿಮೆಯಾಗಿ ಮನಸ್ಸು ಗರ್ಭಗುಡಿಯ ಕಡೆಗೆ ತಿರುಗುತ್ತದೆ. ಒಂದೇ ಗುಡಿಯನ್ನು ಎರಡು ಬಗೆಯಲ್ಲಿ ಸುತ್ತುವ ಅವಕಾಶವನ್ನು ಇಷ್ಟು ಸ್ಪಷ್ಟವಾಗಿ ಕಟ್ಟಿಕೊಟ್ಟ ಇನ್ನೊಂದು ಗುಡಿಯನ್ನು ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ಪಟ್ಟದಕಲ್ಲಿನಲ್ಲಿ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಇದಕ್ಕಿಂತ ಬಹಳ ದೊಡ್ಡದು. ಅಲ್ಲಿ ಪ್ರದಕ್ಷಿಣಾಪಥ ಗರ್ಭಗುಡಿಯ ಸುತ್ತ ಒಳಗೇ ಇದೆ. ಹೊರಗೋಡೆಯ ಶಿಲ್ಪಗಳನ್ನು ಪ್ರಾಕಾರದ ತೆರೆದ ಅಂಗಳದಲ್ಲಿ ನಿಂತು ನೋಡಬೇಕು. ಐಹೊಳೆಯಲ್ಲಿ ಕಂಬಸಾಲು ನಮ್ಮನ್ನು ಗೋಡೆಯ ಪಕ್ಕದಲ್ಲೇ ಹಿಡಿದಿಡುತ್ತದೆ, ಶಿಲ್ಪಗಳನ್ನು ಒಂದೊಂದಾಗಿ ಹತ್ತಿರದಿಂದ ನೋಡುವ ರೂಢಿ ಇಲ್ಲೇ ಆಗುತ್ತದೆ. ಆದ್ದರಿಂದ ಎರಡನ್ನೂ ಒಂದೇ ದಿನ ನೋಡುವವರು ಐಹೊಳೆಯಿಂದ ಆರಂಭಿಸುವುದು ಒಳ್ಳೆಯದು.