ನೀವು ಫೋನಾಗ ಇದ್ರಿ

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಹೇಳಿದ್ನಲ್ಲಣ್ಣಾ. ನೀವು ಫೋನಾಗ ಇದ್ರಿ."

ಬಳ್ಳಾರಿಯಲ್ಲಿ ನೂರಾರು ಜೀನ್ಸ್ ಘಟಕಗಳಿವೆ. ಅದರಲ್ಲಿ ನಮ್ಮದೂ ಒಂದು ಸಣ್ಣದು. ಕೆಳಗೆ 18 ಮಷಿನ್, ಮೇಲೆ ಸ್ಟೋರ್ ರೂಮ್. ನಾನು ಲೆಕ್ಕ ನೋಡುವವನು, ಸ್ಟೋರ್ ಕೀಲಿಯೂ ನನ್ನ ಹತ್ತಿರವೇ. ಆರ್ಡರ್ ತಡವಾಗಿ ವ್ಯಾಪಾರಿಯಿಂದ ಬೈಸಿಕೊಂಡ ಮೇಲೆ ಸಾಹುಕಾರರು ಬೆಂಗಳೂರಿಂದ 'ಲೀನ್', ಅಂದರೆ ವ್ಯರ್ಥ ಕೆಲಸ ಕಡಿಮೆ ಮಾಡುವ ವಿಧಾನ, ಕಲಿಸುವವರನ್ನು ಕರೆಸಿದರು. ಈ ಬಿಸಿಲಲ್ಲಿ ಟೈ ಕಟ್ಟಿಕೊಂಡು ಬಂದವರನ್ನು ನೋಡಿ ನಾನು ಒಳಗೊಳಗೇ ನಕ್ಕಿದ್ದೆ.

ಬೆಳಿಗ್ಗೆ ಮೊದಲು ಜಪಾನಿನ ಕಾರು ಕಂಪನಿ ಟೊಯೋಟಾದ ಕಥೆ. ಅಲ್ಲಿನ ಎಂಜಿನಿಯರ್ ತೈಇಚಿ ಓನೊ ಏಳು ಬಗೆಯ ವ್ಯರ್ಥವನ್ನು ಗುರುತಿಸಿದ್ದರಂತೆ. ಬೇಕಾದ್ದಕ್ಕಿಂತ ಜಾಸ್ತಿ ಮಾಡುವುದು, ಕಾಯುವುದು, ಸುಮ್ನೆ ಓಡಾಡುವುದು ಹೀಗೆ. ನನಗೆ ಹಿಡಿಸಿದ್ದು ಮಗ್ಗದ ವಿಷಯ. ಕಾರಿಗಿಂತ ಮೊದಲು ಟೊಯೋಟಾ ಕಟ್ಟಿದ ಮನೆತನ ಮಗ್ಗ ಮಾಡುತ್ತಿತ್ತು. 1924ರಲ್ಲಿ ಸಾಕಿಚಿ ಟೊಯೋಡಾ ತಂದ ಮಗ್ಗ, ನೂಲು ಹರಿದರೆ ತಾನೇ ನಿಲ್ಲುತ್ತಿತ್ತು. ಬಟ್ಟೆ ಕೆಲಸದ ನಮಗೆ ಇದು ಥಟ್ಟನೆ ಅರ್ಥವಾಯಿತು.

ಆಮೇಲೆ ಕಲಿಸಲು ಬಂದವರು ಕೆಳಗಿಳಿದರು. ಕೆಲಸ ನಡೆಯುವ ಜಾಗಕ್ಕೆ ಹೋಗಿ ಕಣ್ಣಾರೆ ನೋಡಬೇಕಂತೆ. ಜಿಪ್ ಹಾಕುವ ಅಕ್ಕನ ಪಕ್ಕ ಸುಮ್ಮನೆ ನಿಂತರು. ಅಕ್ಕ ಎದ್ದು ಮೆಟ್ಟಿಲು ಹತ್ತಿ ಬಂದರು, ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದರು. ಊಟದೊಳಗೆ ಆರು ಸಲ.

"ಯಾಕಮ್ಮಾ ಮೇಲೆ ಹೋಗ್ತೀರಿ?"

"ಜಿಪ್ ತರಾಕ್ರೀ."

"ಒಂದೇ ಸಲ ತರಬಹುದಲ್ಲಾ?"

"ಬಂಡಲ್ ಲೆಕ್ಕದಾಗ 20 ಅಷ್ಟೇ ಕೊಡ್ತಾರ್ರೀ."

ಯಾಕೆ? ಜಾಸ್ತಿ ಕೊಟ್ಟರೆ ಕಳೆದುಹೋಗುತ್ತೆ ಅಂತ. ಯಾಕೆ ಕಳೆಯುತ್ತೆ? ಕೊಟ್ಟಿದ್ದನ್ನು ಯಾರೂ ಬರೆದಿಡುವುದಿಲ್ಲ. ಯಾಕೆ ಬರೆಯುವುದಿಲ್ಲ? ಅಲ್ಲಿಗೆ ಎಲ್ಲರೂ ನನ್ನ ಕಡೆ ತಿರುಗಿದರು. ಐದು ಸಲ 'ಯಾಕೆ' ಕೇಳಿದರೆ ಬೇರು ಸಿಗುತ್ತೆ ಅಂತ ಬೆಳಿಗ್ಗೆ ಅವರೇ ಹೇಳಿದ್ದರು. ನಮ್ಮಲ್ಲಿ ನಾಲ್ಕಕ್ಕೇ ಸಿಕ್ಕಿತು.

ಮುಖ ಉಳಿಸಿಕೊಳ್ಳಲು ನಾನು ಜೋರಾಗಿಯೇ ಕೇಳಿದೆ, "ಅಕ್ಕಾ, ಇಷ್ಟು ದಿನ ಹೇಳ್ಬಾರದಾಗಿತ್ತಾ?"

ಅಕ್ಕ ಮಷಿನ್ನಿಂದ ತಲೆ ಎತ್ತಲಿಲ್ಲ. "ಹೇಳಿದ್ನಲ್ಲಣ್ಣಾ. ದೀಪಾವಳಿ ಮುಂದ. ನೀವು ಫೋನಾಗ ಇದ್ರಿ."

ಸಿಟ್ಟಿಲ್ಲ, ದೂರಿಲ್ಲ. ಕರೆಂಟ್ ಹೋಗಿತ್ತು ಅಂದ ಹಾಗೆ ಅಂದರು. ಜಗಳ ಆಡಿದ್ದರೆ ನನಗೇ ಹಗುರ ಆಗುತ್ತಿತ್ತೇನೋ.

ರಾತ್ರಿ ಲೆಕ್ಕದ ಪುಸ್ತಕ ತೆಗೆದೆ. ದಾರ, ಗುಂಡಿ, ಕರೆಂಟ್ ಬಿಲ್ಲು, ವಾಷಿಂಗ್ ಖರ್ಚು, ಎಲ್ಲ ಇದೆ. ಆ ಮೆಟ್ಟಿಲ ಓಡಾಟ ಎಲ್ಲೂ ಇಲ್ಲ. ಇರುವುದಾದರೂ ಹೇಗೆ? ನಮ್ಮಲ್ಲಿ ಪೀಸಿನ ಲೆಕ್ಕದಲ್ಲಿ ಕೂಲಿ. ಅಕ್ಕ ಮೆಟ್ಟಿಲ ಮೇಲಿದ್ದಷ್ಟು ಹೊತ್ತು ಅವರಿಗೇ ನಷ್ಟ. ಸಾಹುಕಾರರ ಗಲ್ಲಾಪೆಟ್ಟಿಗೆಯಿಂದ ಹೋಗಿದ್ದರೆ ಮೊದಲ ವಾರವೇ ನಾನು ಹಿಡಿಯುತ್ತಿದ್ದೆ. ನಾನು ಹಾಗೆಯೇ, ಪೈಸೆ ಬಿಡುವವನಲ್ಲ. ಹರಿದ ನೂಲನ್ನು ಮಗ್ಗ ಗುರುತಿಸುತ್ತಿತ್ತು. ಟೊಯೋಟಾದಲ್ಲಿ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದಂತೆ. ಇಲ್ಲಿ ಅಕ್ಕ ಎಳೆದ ಹಗ್ಗದ ಇನ್ನೊಂದು ತುದಿಯಲ್ಲಿ ನಾನು ಇದ್ದೆ, ಯಾವನೋ ದಾರದ ಏಜೆಂಟ್ ಜೊತೆ ಹರಟುತ್ತಾ.

ಬುಧವಾರ 200 ಜಿಪ್ಪಿನ ಡಬ್ಬಿ ಅಕ್ಕನ ಪಕ್ಕ ಇಟ್ಟೆ, ಒಂದು ನೋಟ್‌ಬುಕ್ಕೂ. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಸಾಹುಕಾರರಿಗೆ ಮಾತ್ರ ಅದು ಸಾಲಲಿಲ್ಲ. ದುಡ್ಡು ಬಿದ್ದರೇನೇ ಅವರಿಗೆ ಸುಧಾರಣೆ ಅನ್ನಿಸೋದು. ನೆಲಕ್ಕೆ ಹಳದಿ ಗೆರೆ ಎಳೆಸಿದರು. ನಿನ್ನೆ ಗೋಡೆಗೆ ಸಲಹೆ ಪೆಟ್ಟಿಗೆ ಹೊಡೆಸಿದರು. ನೀಲಿ ಬಣ್ಣ, ಸಣ್ಣ ಬೀಗ. ನಮ್ಮ ಹೆಣ್ಣುಮಕ್ಕಳಲ್ಲಿ ಅರ್ಧ ಜನಕ್ಕೆ ಬರೆಯಲು ಬರಲ್ಲ ಅನ್ನೋದು ಅವರಿಗೆ ಹೊಳೆದೇ ಇಲ್ಲ.

ಸಂಜೆ ಅಕ್ಕ ಬ್ಯಾಗ್ ಹಿಡಿದು ಹೊರಟವರು ಪೆಟ್ಟಿಗೆ ಮುಂದೆ ನಿಂತರು.

"ಇದರ ಕೀಲಿನೂ ನಿಮ್ಮತ್ರಾನೇ ಏನಣ್ಣಾ?"

ನನ್ನ ಹತ್ತಿರವೇ ಇತ್ತು.